ರೋಡ್ರಿಗ್ಸ್ ದ್ವೀಪದಲ್ಲಿ ಗುಹೆ, ದೈತ್ಯ ಆಮೆ: ಹೋಗುವವರಿಗೊಂದು ಮಾರ್ಗದರ್ಶಿ

ಮಾರಿಷಸ್ ಅಂದರೆ ನಮ್ಮವರಿಗೆ ಹನಿಮೂನು, ಬೀಚು, ಬಿಡುವಿದ್ದರೆ ಗಂಗಾ ತಲಾವ್ ಅನ್ನುವ ಪವಿತ್ರ ಕೆರೆ. ಅದೇ ದೇಶಕ್ಕೆ ಸೇರಿದ ಇನ್ನೊಂದು ದ್ವೀಪ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದಲ್ಲಿದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹೆಸರು ರೋಡ್ರಿಗ್ಸ್. ವಿಸ್ತೀರ್ಣ 108 ಚದರ ಕಿಲೋಮೀಟರ್. ಬೆಂಗಳೂರು ನಗರದೊಳಗೆ ಇಂಥವು ಆರಾದರೂ ಹಿಡಿಸುತ್ತವೆ.

ಈ ದ್ವೀಪದ ನೈಋತ್ಯ ಮೂಲೆಯಲ್ಲಿ ಸುಣ್ಣದ ಬಂಡೆಯ ಗುಹೆಗಳಿವೆ. ಅವುಗಳ ಪಕ್ಕದಲ್ಲೇ ದೈತ್ಯ ಆಮೆಗಳ ಮೀಸಲು ಪ್ರದೇಶ ಇದೆ. ಪೂರ್ತಿ ಹೆಸರು ಫ್ರಾನ್ಸ್ವಾ ಲೆಗಾ ದೈತ್ಯ ಆಮೆ ಮತ್ತು ಗುಹೆ ಮೀಸಲು. ಜಾಗ ಆನ್ಸ್ ಕಿತೋರ್, ವಿಮಾನ ನಿಲ್ದಾಣದ ಹತ್ತಿರ. ಹೆಚ್ಚಿನವರು ಇದನ್ನು ಅರ್ಧ ದಿನದ ಫೋಟೋ ಕಾರ್ಯಕ್ರಮ ಮಾಡಿ ಮುಗಿಸುತ್ತಾರೆ. ಆಮೆ ಜೊತೆ ಒಂದು ಸೆಲ್ಫಿ, ಗುಹೆಯಲ್ಲಿ ಒಂದು ಸೆಲ್ಫಿ, ಮುಂದೆ ಬೀಚ್. ಹಾಗೆ ಮಾಡಿದರೆ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಗುಹೆಯನ್ನೂ ಆಮೆಯನ್ನೂ ಒಟ್ಟಿಗೆ ಅರ್ಥ ಮಾಡಿಕೊಂಡರೆ ಮಾತ್ರ ಅಷ್ಟು ದೂರ ಹೋಗಿದ್ದಕ್ಕೆ ಲೆಕ್ಕ. ಒಂದಿಡೀ ದಿನ ಇದಕ್ಕೇ ಇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮಾಲ್, ಪಬ್, ವಾಟರ್ ಪಾರ್ಕ್ ಬೇಕು ಅನ್ನುವವರು ಮಾರಿಷಸ್‌ನಲ್ಲೇ ಇದ್ದುಬಿಡಿ. ರೋಡ್ರಿಗ್ಸ್‌ನಲ್ಲಿ ಸಂಜೆಯಾದರೆ ಊರು ಮಲಗುತ್ತದೆ.

1. ತಿಂಗಳು ಆರಿಸಿಕೊಳ್ಳಿ

ಭೂಮಧ್ಯರೇಖೆಯಿಂದ ದಕ್ಷಿಣಕ್ಕಿರುವ ಜಾಗ. ಹಾಗಾಗಿ ನಮ್ಮ ಚಳಿಗಾಲ ಅವರ ಬೇಸಿಗೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ಜೊತೆಗೆ ಚಂಡಮಾರುತದ ಕಾಲ. ಜನವರಿ, ಫೆಬ್ರವರಿಯಲ್ಲಿ ಚಂಡಮಾರುತ ಹತ್ತಿರ ಬಂತು ಅಂದರೆ ವಿಮಾನ ಪೂರ್ತಿ ನಿಂತುಹೋಗುತ್ತದೆ. ಮೇನಿಂದ ಅಕ್ಟೋಬರ್‌ವರೆಗೆ ತಂಪು. ಆದರೆ ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಟೋಪಿ ಹಾರಿಸಿಕೊಂಡು ಹೋಗುವಷ್ಟು ಜೋರು.

ನನ್ನ ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ ಹೋಗಿ. ಮಳೆ ಕಡಿಮೆ, ಗಾಳಿಯೂ ಇಳಿದಿರುತ್ತದೆ, ಗುಹೆಯೊಳಗೆ ಕಾಲಡಿ ಜಾರುವುದೂ ಕಡಿಮೆ. ನಮ್ಮ ದಸರಾ ರಜೆಗೂ ಸರಿಹೊಂದುತ್ತದೆ. ಮಕ್ಕಳ ಶಾಲೆ ತಪ್ಪಿಸಬೇಕಿಲ್ಲ.

2. ಟಿಕೆಟ್, ಕಾಗದ ಪತ್ರ, ಸಾಮಾನು

ಕರ್ನಾಟಕದಿಂದ ಹೋಗುವವರಿಗೆ ಸುಲಭದ ದಾರಿ ಮುಂಬೈ ಮೇಲೆ. ಅಲ್ಲಿಂದ ಮಾರಿಷಸ್‌ಗೆ ನೇರ ವಿಮಾನ ಇದೆ, ಆರು ಗಂಟೆ ಚಿಲ್ಲರೆ ಪ್ರಯಾಣ. ಮಾರಿಷಸ್‌ನಲ್ಲಿ ಇಳಿದು ಮತ್ತೊಂದು ವಿಮಾನ. ಅದು ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ ಸಣ್ಣ ಎಟಿಆರ್. ಒಂದೂವರೆ ಗಂಟೆಯಲ್ಲಿ ಪ್ಲೆನ್ ಕೊರಾಯ್ ನಿಲ್ದಾಣದಲ್ಲಿ ಇಳಿಸುತ್ತದೆ. ಸಣ್ಣ ವಿಮಾನ, ಸೀಟೂ ಕಡಿಮೆ. ಅಲ್ಲಿನ ಶಾಲಾ ರಜೆ, ಕ್ರಿಸ್‌ಮಸ್ ಸಮಯದಲ್ಲಿ ಸೀಟು ಸಿಗುವುದೇ ಕಷ್ಟ. ಮೊದಲು ಈ ಸಣ್ಣ ವಿಮಾನದ ಸೀಟು ನೋಡಿ, ಆಮೇಲೆ ಮುಂಬೈ ಟಿಕೆಟ್ ತೆಗೆಯಿರಿ. ಉಲ್ಟಾ ಮಾಡಿದರೆ ಮಾರಿಷಸ್‌ನಲ್ಲಿ ಸುಮ್ನೆ ದಿನ ಕಳೆಯಬೇಕಾಗುತ್ತದೆ.

ಕಿಟಕಿ ಸೀಟು ಕೇಳಿ. ಇಳಿಯುವ ಮುಂಚೆ ಕಾಣುವ ನೀರಿನ ಬಣ್ಣ ಬೇರೆಲ್ಲೂ ಸಿಗುವುದಿಲ್ಲ. ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬದ ಒಳಗಿನ ತಿಳಿನೀರಿನ ಲಗೂನು ದ್ವೀಪದ ಎರಡು ಪಟ್ಟು ದೊಡ್ಡದು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ ಮೊದಲೇ ವೀಸಾ ಮಾಡಿಸುವ ಗೋಜಿಲ್ಲ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಪ್ರಿಂಟ್ ಕೈಯಲ್ಲಿರಲಿ. ಆನ್‌ಲೈನ್‌ನಲ್ಲಿ ತುಂಬುವ ಪ್ರಯಾಣದ ಫಾರಂ ಹೊರಡುವ ಮುಂಚೆಯೇ ಮುಗಿಸಿ. ರೋಡ್ರಿಗ್ಸ್ ಅದೇ ದೇಶದ್ದಾದರೂ ನಮ್ಮಂಥ ವಿದೇಶಿಯರು ಆ ಸಣ್ಣ ವಿಮಾನಕ್ಕೂ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲ್ ಲಾಕರ್‌ನಲ್ಲಿ ಇಟ್ಟು ಬರಬೇಡಿ.

ಲಗೇಜ್ ತೂಕದ ಮಿತಿ ಇಲ್ಲಿ ಕಡಿಮೆ. ಟಿಕೆಟ್ ಮೇಲೆ ಎಷ್ಟು ಕೆಜಿ ಅಂತ ಬರೆದಿದೆ ನೋಡಿ. ದೊಡ್ಡ ಸೂಟ್‌ಕೇಸ್ ಮಾರಿಷಸ್ ಹೋಟೆಲ್‌ನಲ್ಲೇ ಬಿಟ್ಟು, ಒಂದು ಬ್ಯಾಗಲ್ಲಿ ಹೋಗುವುದು ಜಾಣತನ. ಅದರಲ್ಲಿ ಇಷ್ಟಿರಲಿ: ಅಡಿಭಾಗ ಒರಟಾಗಿರುವ ಮುಚ್ಚಿದ ಶೂ, ಟಾರ್ಚ್, ಮಣ್ಣಾದರೂ ಬೇಜಾರಾಗದ ಒಂದು ಪ್ಯಾಂಟು, ಟೋಪಿ, ಸನ್‌ಸ್ಕ್ರೀನ್, ನೀರಿನ ಬಾಟಲಿ, ಬಟ್ಟೆ ಚೀಲ. ರೋಡ್ರಿಗ್ಸ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ 2014ರಿಂದಲೇ ನಿಷೇಧ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಚೀಟಿ ಜೊತೆಗಿಡಿ, ಕೆಲವು ನೋವಿನ ಮಾತ್ರೆಗಳಿಗೆ ಅಲ್ಲಿ ಕಟ್ಟುನಿಟ್ಟು.

ಕರಿಬೇವು, ಹಸಿಮೆಣಸು, ಹಣ್ಣು, ಬೀಜ, ಸಸಿ ಯಾವುದನ್ನೂ ಕಟ್ಟಿಕೊಂಡು ಹೋಗಬೇಡಿ. ಅಮ್ಮ ಕೊಟ್ಟರು ಅಂತ ಕಸ್ಟಮ್ಸ್‌ನವರು ಬಿಡುವುದಿಲ್ಲ. ಹೊರಗಿನ ಗಿಡ, ಪ್ರಾಣಿ ಬಂದೇ ಈ ದ್ವೀಪ ಹಾಳಾಗಿದ್ದು. ಆ ಕತೆ ಮುಂದೆ ಬರುತ್ತದೆ.

3. ಉಳಿಯುವುದು, ಓಡಾಡುವುದು

ಮುಖ್ಯ ಊರು ಪೋರ್ಟ್ ಮ್ಯಾಥುರಿನ್, ದ್ವೀಪದ ಉತ್ತರ ತೀರದಲ್ಲಿ. ಎಟಿಎಂ, ಅಂಗಡಿ, ಬಸ್ ನಿಲ್ದಾಣ ಎಲ್ಲ ಅಲ್ಲೇ. ಬೇಕಾದಷ್ಟು ನಗದು ಅಲ್ಲೇ ತೆಗೆದಿಟ್ಟುಕೊಳ್ಳಿ, ಸಣ್ಣ ಹಳ್ಳಿಗಳಲ್ಲಿ ಕಾರ್ಡು ನಡೆಯುವುದಿಲ್ಲ. ಮಾರಿಷಸ್‌ನ ಒಂದು ರೂಪಾಯಿ ಹೆಚ್ಚುಕಡಿಮೆ ನಮ್ಮ ಎರಡು ರೂಪಾಯಿ. ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ.

ದೊಡ್ಡ ಹೋಟೆಲಿಗಿಂತ ಮನೆಯವರೇ ನಡೆಸುವ ಗೆಸ್ಟ್‌ಹೌಸ್ ಒಳ್ಳೆಯದು. ರಾತ್ರಿ ಊಟ ಅಲ್ಲೇ ಆಗುತ್ತದೆ. ಗುಹೆ ನೋಡುವ ಹೊತ್ತು ಯಾವುದು, ನಾಳೆ ಗೈಡ್ ಇದ್ದಾರಾ ಅಂತ ಅವರೇ ಫೋನ್ ಮಾಡಿ ಕೇಳಿಕೊಡುತ್ತಾರೆ. ನೀರು ಮಾತ್ರ ಹಿಡಿತದಲ್ಲಿ ಬಳಸಿ. ಸಿಹಿನೀರಿಗೆ ದ್ವೀಪದಲ್ಲಿ ಯಾವಾಗಲೂ ಬರ. ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವ ಅಭ್ಯಾಸ ಇದ್ದರೆ ಅಲ್ಲಿ ಬಿಡಿ.

ಪೋರ್ಟ್ ಮ್ಯಾಥುರಿನ್‌ನಿಂದ ಮೀಸಲು ಪ್ರದೇಶಕ್ಕೆ ದೂರ ಜಾಸ್ತಿ ಏನಿಲ್ಲ. ಆದರೆ ರಸ್ತೆ ನೆಟ್ಟಗಿಲ್ಲ. ದ್ವೀಪದ ಬೆನ್ನೆಲುಬಿನಂಥ ಗುಡ್ಡ ಹತ್ತಿ ಆ ಕಡೆ ಇಳಿಯಬೇಕು, ತಿರುವೋ ತಿರುವು. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬಸ್ಸು ಅಗ್ಗ, ಹಾಡು ಜೋರು, ಜನ ಮಾತಾಡಿಸುತ್ತಾರೆ. ಆದರೆ ಸಂಜೆ ನಾಲ್ಕರ ಮೇಲೆ ಬಸ್ಸು ನಂಬಿಕೊಳ್ಳುವ ಹಾಗಿಲ್ಲ. ಕುಟುಂಬದವರಾದರೆ ಆ ಒಂದು ದಿನಕ್ಕೆ ಟ್ಯಾಕ್ಸಿ ಗೊತ್ತು ಮಾಡಿಕೊಳ್ಳಿ. ಸ್ಕೂಟರ್ ಬಾಡಿಗೆಗೂ ಸಿಗುತ್ತದೆ, ನಮ್ಮ ಹಾಗೆ ಎಡಗಡೆ ಸಂಚಾರ.

ಮಾತು ಕ್ರಿಯೋಲ್, ಓದುಬರಹ ಫ್ರೆಂಚ್, ಇಂಗ್ಲಿಷ್. ಟಿಕೆಟ್ ಕೌಂಟರ್‌ನಲ್ಲಿ ‘ಇಂಗ್ಲಿಷ್ ಗೈಡ್ ಬೇಕು’ ಅಂತ ಮೊದಲೇ ಹೇಳಿ. ಹೇಳದಿದ್ದರೆ ಫ್ರೆಂಚ್ ಗುಂಪಿನ ಹಿಂದೆ ನಿಂತು ಅವರು ನಕ್ಕಾಗ ನೀವೂ ನಗಬೇಕಾಗುತ್ತದೆ.

4. ಹೋಗುವ ಮುಂಚೆ ಇದನ್ನು ಓದಿಕೊಳ್ಳಿ

ಫ್ರಾನ್ಸ್ವಾ ಲೆಗಾ ಒಬ್ಬ ಫ್ರೆಂಚ್ ಪ್ರಾಟೆಸ್ಟೆಂಟ್. ಧರ್ಮದ ಕಾರಣಕ್ಕೆ ದೇಶ ಬಿಟ್ಟವನು. 1691ರಲ್ಲಿ ಕೆಲವು ಸಂಗಾತಿಗಳ ಜೊತೆ ಈ ದ್ವೀಪಕ್ಕೆ ಬಂದಿಳಿದ. ಆಗ ಇಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ. ಎರಡು ವರ್ಷ ಇದ್ದು, ಹಲಗೆ ಜೋಡಿಸಿ ದೋಣಿ ಕಟ್ಟಿಕೊಂಡು 1693ರಲ್ಲಿ ಮಾರಿಷಸ್ ಕಡೆ ಹೊರಟರು. ತಾನು ಕಂಡಿದ್ದನ್ನೆಲ್ಲ ಅವನು ಬರೆದಿಟ್ಟ. ಆಮೆಗಳು ಎಷ್ಟಿದ್ದವು ಅಂದರೆ, ನೆಲಕ್ಕೆ ಕಾಲು ತಾಗಿಸದೆ ಅವುಗಳ ಬೆನ್ನ ಮೇಲೇ ನೂರು ಹೆಜ್ಜೆಗೂ ಜಾಸ್ತಿ ನಡೆಯಬಹುದಿತ್ತಂತೆ.

ಅವು ಎರಡು ಜಾತಿಯವು. ಒಂದರ ಚಿಪ್ಪು ಗುಮ್ಮಟದ ಹಾಗೆ, ಅದು ನೆಲದ ಹುಲ್ಲು ಮೇಯುತ್ತಿತ್ತು. ಇನ್ನೊಂದರ ಚಿಪ್ಪಿನ ಮುಂಭಾಗ ಕುದುರೆ ಜೀನಿನ ಹಾಗೆ ಮೇಲೆದ್ದಿತ್ತು. ಅದು ಕತ್ತು ಎತ್ತರಕ್ಕೆ ಚಾಚಿ ಪೊದೆಯ ಎಲೆ ತಿನ್ನುತ್ತಿತ್ತು. ಎರಡೂ ಪ್ರಪಂಚದಲ್ಲಿ ಇಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ದೈತ್ಯ ಆಮೆ ತಿಂಗಳುಗಟ್ಟಲೆ ಊಟ, ನೀರಿಲ್ಲದೆ ಬದುಕಬಲ್ಲದು. ಅದೇ ಅದಕ್ಕೆ ಮುಳುವಾಯಿತು. ಫ್ರಿಜ್ ಇಲ್ಲದ ಕಾಲದ ಹಡಗಿನವರಿಗೆ ಇದಕ್ಕಿಂತ ಒಳ್ಳೆಯ ತಾಜಾ ಮಾಂಸ ಎಲ್ಲಿ ಸಿಗಬೇಕು? ಹಡಗಿನ ತಳದಲ್ಲಿ ಜೀವಂತವಾಗಿ ಒಟ್ಟಿಬಿಡುತ್ತಿದ್ದರು. ಫ್ರೆಂಚರ ಕಾಲದಲ್ಲಿ ಮಾರಿಷಸ್‌ಗೆ ಆಮೆ ಸಾಗಿಸುವುದಕ್ಕೇ ಹಡಗುಗಳನ್ನು ನಿಯೋಜಿಸಿದ್ದರು. 1760ರ ಆಸುಪಾಸಿನಲ್ಲಿ ಒಂದೂವರೆ ವರ್ಷದೊಳಗೇ 30,000ಕ್ಕೂ ಜಾಸ್ತಿ ಆಮೆ ಸಾಗಿಸಿದ ಲೆಕ್ಕ ಸಿಗುತ್ತದೆ. ಅದರ ಮೇಲೆ ಬೆಂಕಿ, ಬೆಕ್ಕು, ಇಲಿ. 1800ರ ಹೊತ್ತಿಗೆ ಎರಡೂ ಜಾತಿ ಹೆಚ್ಚುಕಡಿಮೆ ಮುಗಿದೇಹೋಗಿದ್ದವು. ಡೋಡೋ ಹಕ್ಕಿಯ ಹತ್ತಿರದ ನೆಂಟ, ಹಾರಲಾಗದ ಸಾಲಿಟೇರ್ ಅನ್ನುವ ದೊಡ್ಡ ಹಕ್ಕಿ ಅದಕ್ಕೂ ಮುಂಚೆಯೇ ನಾಶವಾಗಿತ್ತು.

ಹಾಗಾದರೆ ಈಗ ಅಲ್ಲಿ ಕಾಣುವ ಆಮೆಗಳು ಯಾವುವು? ಅವು ಬದಲಿ ನೌಕರರು. ದೊಡ್ಡವು ಸೇಷೆಲ್ಸ್ ದೇಶದ ಅಲ್ಡಾಬ್ರಾ ದ್ವೀಪದ ಜಾತಿ. ಚಿಕ್ಕವು ಮಡಗಾಸ್ಕರ್‌ನ ಕಿರಣ ಆಮೆ, ಚಿಪ್ಪಿನ ಮೇಲೆ ಹಳದಿ ಗೆರೆಗಳು ಸೂರ್ಯನ ಕಿರಣದ ಹಾಗೆ ಹರಡಿರುತ್ತವೆ. ಇವನ್ನು ಮಾರಿಷಸ್‌ನಿಂದ ತಂದು 2007ರಲ್ಲಿ ಮೀಸಲು ಪ್ರದೇಶ ತೆರೆದರು. ಸುಮಾರು 20 ಹೆಕ್ಟೇರ್ ಜಾಗ. ಅಳಿದುಹೋದ ಆಮೆಗಳು ಮಾಡುತ್ತಿದ್ದ ಕೆಲಸವನ್ನೇ ಇವು ಮಾಡಬೇಕು. ಕಳೆ ಮೇಯಬೇಕು, ಹಣ್ಣು ತಿಂದು ಬೀಜವನ್ನು ಗೊಬ್ಬರ ಸಮೇತ ದೂರ ಹಾಕಬೇಕು, ದ್ವೀಪದ ಮೂಲ ಕಾಡು ಮತ್ತೆ ಏಳಲು ಸಹಾಯ ಮಾಡಬೇಕು. ಇಷ್ಟು ತಿಳಿದು ಹೋದರೆ ಅದು ಝೂ ಅನ್ನಿಸುವುದಿಲ್ಲ.

ಅಲ್ಡಾಬ್ರಾ ಆಮೆಗಳೂ ಇದೇ ಗತಿಗೆ ಹತ್ತಿರ ಬಂದಿದ್ದವು. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಸೇರಿ ಹಲವು ವಿಜ್ಞಾನಿಗಳು ಮಾರಿಷಸ್ ಗವರ್ನರ್‌ಗೆ ಪತ್ರ ಬರೆದು, ಉಳಿದಿರುವ ಈ ಒಂದು ಜಾತಿಯನ್ನಾದರೂ ಕಾಪಾಡಿ ಅಂತ ಕೇಳಿಕೊಂಡರು. ನಮ್ಮ ದೇಶಕ್ಕೂ ಈ ಆಮೆ ಹೊಸದಲ್ಲ. ಕೋಲ್ಕತ್ತಾದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ‘ಅದ್ವೈತ’ ಇದೇ ಜಾತಿಯದು. ಅದಕ್ಕೆ 250 ವರ್ಷ ಆಗಿತ್ತು, ರಾಬರ್ಟ್ ಕ್ಲೈವ್ ಸಾಕಿದ್ದು ಅಂತೆಲ್ಲ ಹೇಳುತ್ತಾರೆ.

5. ಮೀಸಲು ಪ್ರದೇಶದೊಳಗೆ

ಬೆಳಿಗ್ಗೆ ಮೊದಲ ಗುಂಪಿಗೇ ಸೇರಿಕೊಳ್ಳಿ. ಬಿಸಿಲೇರಿದ ಮೇಲೆ ಆಮೆಗಳು ನೆರಳಿಗೆ ಹೋಗಿ ಬಂಡೆಗಳ ಹಾಗೆ ಬಿದ್ದುಕೊಳ್ಳುತ್ತವೆ. ಅವುಗಳ ತಪ್ಪಲ್ಲ. ಅಷ್ಟು ದೊಡ್ಡ ಮೈ ಬಿಸಿಲಲ್ಲಿ ಕಾದರೆ ಸಾಯುತ್ತವೆ. ತಿರುಗಾಟ, ಮೇವು ನೋಡಬೇಕಾದರೆ ತಂಪು ಹೊತ್ತೇ ಸರಿ. ಗುಂಪು ಹೊರಡಲು ಇನ್ನೂ ಸಮಯ ಇದ್ದರೆ ಹೊರಗೆ ಕೂರಬೇಡಿ, ಪಕ್ಕದ ಚಿಕ್ಕ ಮ್ಯೂಸಿಯಂಗೆ ಹೋಗಿ. ಅದನ್ನು ಕೊನೆಗೆ ಇಟ್ಟುಕೊಂಡವರು ಸುಸ್ತಾಗಿ ಬಾಗಿಲಿಂದಲೇ ವಾಪಸ್ ಬರುತ್ತಾರೆ. ಸಾಲಿಟೇರ್ ಹಕ್ಕಿಯ ಆಕಾರ ಕಣ್ಣಲ್ಲಿ ಇಟ್ಟುಕೊಂಡು ಗುಹೆಗಿಳಿದರೆ ಗೈಡ್ ಹೇಳುವುದು ಅರ್ಥವಾಗುತ್ತದೆ.

ದಾರಿ ಒಂದು ಕಣಿವೆಗೆ ಇಳಿಯುತ್ತದೆ. ಎರಡೂ ಕಡೆ ಬಿಳಿಚಿದ ಬಂಡೆಯ ಗೋಡೆ. ಇದೂ ಹಿಂದೆ ಗುಹೆಯೇ, ಚಾವಣಿ ಕುಸಿದು ಕಣಿವೆಯಾಗಿದೆ. ನೂರಾರು ಆಮೆಗಳು ಅಲ್ಲಿ ಬೇಲಿ ಇಲ್ಲದೆ ನಿಮ್ಮ ಕಾಲ ಹತ್ತಿರವೇ ಓಡಾಡಿಕೊಂಡಿರುತ್ತವೆ.

ಅಲ್ಡಾಬ್ರಾ ಗಂಡು ಆಮೆ 250 ಕೆಜಿವರೆಗೂ ತೂಗುತ್ತದೆ. ಹತ್ತಿರದಿಂದ ನೋಡಿ. ಮುಂಗಾಲಿನ ಚರ್ಮ ದಪ್ಪ ದಪ್ಪ ಹೆಕ್ಕಳೆ ಕಟ್ಟಿದ ಹಾಗೆ. ಬಾಯಲ್ಲಿ ಹಲ್ಲಿಲ್ಲ, ಗಿಣಿಯ ಕೊಕ್ಕಿನಂಥ ಗಟ್ಟಿ ಅಂಚು. ಎಲೆ ಹರಿಯುವಾಗ ‘ಟಕ್’ ಅಂತ ಕೇಳುತ್ತದೆ. ನೀರು ಕುಡಿಯುವುದು ತಮಾಷೆ: ತೆಳ್ಳಗೆ ನಿಂತ ನೀರಿಗೆ ಮೂತಿ ಒತ್ತಿ ಮೂಗಿನಿಂದಲೇ ಎಳೆದುಕೊಳ್ಳಬಲ್ಲದು. ಕಲ್ಲುಬಂಡೆಯ ಒಣ ದ್ವೀಪದಲ್ಲಿ ಬದುಕಲು ಕಲಿತ ವಿದ್ಯೆ ಅದು.

ಗೈಡ್ ಅನುಮತಿ ಕೊಟ್ಟರೆ ಕತ್ತಿನ ಪಕ್ಕ ಮೆಲ್ಲಗೆ ಕೆರೆಯಿರಿ. ಮುಂದಿನಿಂದ ಧಡಕ್ಕನೆ ಕೈ ಚಾಚಿದರೆ ಉಸ್ಸೆಂದು ತಲೆ ಒಳಗೆಳೆದುಕೊಳ್ಳುತ್ತದೆ. ಪಕ್ಕದಿಂದ ಬಂದು, ಕುಕ್ಕರಗಾಲಲ್ಲಿ ಕೂತು, ತಾಳ್ಮೆಯಿಂದ ಶುರು ಮಾಡಿ. ಒಂದೆರಡು ನಿಮಿಷದಲ್ಲಿ ನಾಲ್ಕೂ ಕಾಲು ನೆಟ್ಟಗೆ ಮಾಡಿ ಮೈ ಎತ್ತುತ್ತದೆ, ಕತ್ತು ಉದ್ದಕ್ಕೆ ಬಿಡುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ನಿಮ್ಮ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ಚರ್ಮದ ಮಡಿಕೆಯಲ್ಲಿರುವ ಉಣ್ಣಿ ಹುಳ ಹೆಕ್ಕಲು ಹಕ್ಕಿ ಬಂದಾಗ ಹೀಗೆ ನಿಲ್ಲುವುದು ಅದರ ಹುಟ್ಟುಗುಣ. ನಮ್ಮ ಬೆರಳನ್ನೂ ಕೊಕ್ಕು ಅಂತ ಲೆಕ್ಕ ಹಾಕಿಕೊಂಡಿರುತ್ತದೆ, ಅಷ್ಟೇ.

ಇಲ್ಲಿ ನಿಯಮ ಕಡಿಮೆ, ಆದರೆ ಬಿಡುವಂತಿಲ್ಲ. ಮಕ್ಕಳನ್ನು ಆಮೆ ಮೇಲೆ ಕೂರಿಸಬೇಡಿ. ಚಿಪ್ಪು ಕಲ್ಲಲ್ಲ, ಅದಕ್ಕೆ ಸ್ಪರ್ಶ ಗೊತ್ತಾಗುತ್ತದೆ, ಬೆನ್ನುಮೂಳೆ ಅದಕ್ಕೇ ಅಂಟಿಕೊಂಡಿದೆ. ಮನೆಯಿಂದ ತಂದ ಬಿಸ್ಕತ್ತು, ಬಾಳೆಹಣ್ಣು ಕೊಡಬೇಡಿ. ಬಾಯಿ ಹತ್ತಿರ ಬೆರಳು ಬೇಡ. ಗಾಢ ಬಣ್ಣ ಕಂಡರೆ ಹಣ್ಣೋ ಹೂವೋ ಅಂತ ಬಾಯಿ ಹಾಕುವ ಅಭ್ಯಾಸ ಅವಕ್ಕಿದೆ. ಕಾಲುಗುರಿಗೆ ಕೆಂಪು ಬಣ್ಣ ಹಚ್ಚಿ ಚಪ್ಪಲಿಯಲ್ಲಿ ಹೋದವರು ಸ್ವಲ್ಪ ನೋಡಿಕೊಂಡು ನಿಲ್ಲಿ! ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಮುಖ್ಯ.

ಫೆಬ್ರವರಿಯಿಂದ ಮೇ ನಡುವೆ ಹೋದರೆ ದೂರದಿಂದ ಹೋರಿ ನರಳಿದಂಥ ಸದ್ದು ಕೇಳಬಹುದು. ಗಾಬರಿ ಬೇಡ. ಅದು ಅವುಗಳ ಕೂಡುವ ಕಾಲ, ಗಂಡಿನ ಸದ್ದು. ಮಕ್ಕಳು ಏನದು ಅಂತ ಕೇಳಿದರೆ ಉತ್ತರ ರೆಡಿ ಇಟ್ಟುಕೊಳ್ಳಿ. ಮರಿಗಳನ್ನು ಬೇರೆ ಕಡೆ ಸಾಕುತ್ತಾರೆ. ಮೊಟ್ಟೆ ಎಷ್ಟು ಬೆಚ್ಚಗಿತ್ತು ಅನ್ನುವುದರ ಮೇಲೆ ಮರಿ ಗಂಡೋ ಹೆಣ್ಣೋ ಅನ್ನುವುದು ತೀರ್ಮಾನವಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟಿರುವ ಮರಿ ಮುಂದೆ ಎರಡೂವರೆ ಕ್ವಿಂಟಲ್ ಆಗಬಹುದು ಅನ್ನುವುದನ್ನು ನೋಡಿಯೇ ನಂಬಬೇಕು.

ಈಗ ಕಣ್ಣನ್ನು ಆಮೆಯಿಂದ ಗಿಡಕ್ಕೆ ತಿರುಗಿಸಿ. ಬಹಳ ಜನ ತಪ್ಪಿಸಿಕೊಳ್ಳುವುದು ಇದನ್ನೇ. ದ್ವೀಪದ ಮೂಲ ಗಿಡಗಳನ್ನು ಸಾವಿರಗಟ್ಟಲೆ ಇಲ್ಲಿ ನೆಟ್ಟು ಬೆಳೆಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಎರಡು ಥರದ ಎಲೆ ಇರುತ್ತದೆ. ಸಸಿಯಾಗಿದ್ದಾಗ ಎಲೆ ಉದ್ದ, ಸಪೂರ, ಬಣ್ಣವೂ ಕಂದು ಇಲ್ಲವೇ ಕೆಂಪು ಛಾಯೆ. ಒಣಗಿದ ಕಡ್ಡಿಯೋ ಅನ್ನಿಸುತ್ತದೆ. ಗಿಡ ಎತ್ತರವಾದ ಮೇಲೆ ಬರುವ ಎಲೆ ಅಗಲ, ಹಸಿರು. ಆಮೆ ಕತ್ತು ಚಾಚಿದರೆ ಎಟಕುವ ಎತ್ತರದವರೆಗೆ ಒಂದು ವೇಷ, ಅದನ್ನು ದಾಟಿದ ಮೇಲೆ ಇನ್ನೊಂದು. ಆಮೆಗಳಿಂದ ತಪ್ಪಿಸಿಕೊಳ್ಳಲು ಗಿಡಗಳು ಕಲಿತ ಉಪಾಯ ಇದು ಅಂತ ಸಸ್ಯವಿಜ್ಞಾನಿಗಳ ಅಂದಾಜು. ಆಮೆ ಹೋಗಿ ಇನ್ನೂರು ವರ್ಷ ಆದರೂ ಗಿಡ ಮಾತ್ರ ಹೆದರಿಕೆ ಬಿಟ್ಟಿಲ್ಲ. ಗೈಡನ್ನು ಕೇಳಿ, ಒಂದೇ ಗಿಡದಲ್ಲಿ ಎರಡೂ ಎಲೆ ತೋರಿಸುತ್ತಾರೆ.

ಇಂಥ ಎರಡೆಲೆ ಗಿಡಗಳಲ್ಲೊಂದು ಕೆಫೆ ಮರೋನ್, ಕಾಫಿಯ ದೂರದ ನೆಂಟ. ಪೂರ್ತಿ ಅಳಿದೇಹೋಯಿತು ಅಂದುಕೊಂಡಿದ್ದರು. 1980ರಲ್ಲಿ ಶಾಲಾ ಹುಡುಗನೊಬ್ಬ ಮೇಷ್ಟ್ರಿಗೆ ಒಂದು ರೆಂಬೆ ತಂದು ತೋರಿಸಿದಾಗಲೇ ಗೊತ್ತಾಗಿದ್ದು, ರಸ್ತೆ ಪಕ್ಕ ಒಂದೇ ಒಂದು ಗಿಡ ಉಳಿದಿದೆ ಅಂತ. ಅದರ ತುಂಡನ್ನು ಲಂಡನ್ನಿನ ಕ್ಯೂ ಗಾರ್ಡನ್‌ಗೆ ಕಳಿಸಿ ಸಂತಾನ ಉಳಿಸಿದರು. ಕಾಫಿ ನಾಡಿನವರು ಇದರ ಕತೆ ಕೇಳದೆ ಬರಬಾರದು, ಅಲ್ವಾ?

6. ಗುಹೆಗೆ ಇಳಿಯುವುದು

ಮೀಸಲು ಪ್ರದೇಶದೊಳಗಿನ ದೊಡ್ಡ ಗುಹೆಗೆ ಗ್ರಾಂದ್ ಕಾವೆರ್ನ್ ಅಂತ ಹೆಸರು. ಗೈಡ್ ಇಲ್ಲದೆ ಬಿಡುವುದಿಲ್ಲ. ಹೆಲ್ಮೆಟ್ ಕೊಡುತ್ತಾರೆ, ಬೇಡ ಅನ್ನಬೇಡಿ. ತಗ್ಗು ಚಾವಣಿಗೆ ತಲೆ ಬಡಿಯುವುದು ಎತ್ತರದವರಿಗೆ ಮಾತ್ರ ಅಲ್ಲ. ಮೆಟ್ಟಿಲು, ಕಾಲುದಾರಿ ಮಾಡಿದ್ದಾರೆ. ಸಾಮಾನ್ಯ ನಡಿಗೆ ಇರುವವರು ಆರಾಮಾಗಿ ಹೋಗಬಹುದು. ಒಳಗೆ ತೇವ, ಸ್ವಲ್ಪ ಸೆಕೆ. ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ಒರೆಸಲು ಬಟ್ಟೆ ಜೇಬಲ್ಲಿರಲಿ.

ರೋಡ್ರಿಗ್ಸ್ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ಬಹುಪಾಲು ಕಪ್ಪು ಬಸಾಲ್ಟ್ ಕಲ್ಲು. ಹಾಗಿದ್ದ ಮೇಲೆ ಸುಣ್ಣದ ಗುಹೆ ಎಲ್ಲಿಂದ ಬಂತು? ಹವಳ, ಚಿಪ್ಪು ಪುಡಿಯಾಗಿ ಆದ ಮರಳನ್ನು ಗಾಳಿ ಈ ಮೂಲೆಗೆ ತಂದು ಗುಡ್ಡೆ ಹಾಕಿತು. ಕಾಲ ಕಳೆದಂತೆ ಅದೇ ಗಟ್ಟಿಯಾಗಿ ಬಂಡೆಯಾಯಿತು. ಮಣ್ಣಿನ ಮೂಲಕ ಇಳಿಯುವ ಮಳೆನೀರಿಗೆ ಸ್ವಲ್ಪ ಹುಳಿಗುಣ ಇರುತ್ತದೆ. ಅದು ಸುಣ್ಣವನ್ನು ಕರಗಿಸುತ್ತಾ ಕೊರೆಯುತ್ತಾ ಸುರಂಗ ಮಾಡಿತು. ಕರಗಿದ ಸುಣ್ಣ ಹನಿಹನಿಯಾಗಿ ತೊಟ್ಟಿಕ್ಕಿ ಮತ್ತೆ ಕಲ್ಲಾಯಿತು. ಮೇಲಿಂದ ಇಳಿಬಿದ್ದ ಕಲ್ಲು, ಕೆಳಗಿಂದ ಎದ್ದ ಕಲ್ಲು, ಎರಡೂ ಸೇರಿ ಕಂಬ. ಕೆಲವು ಕಡೆ ಬಟ್ಟೆ ಮಡಿಕೆ ಬಿದ್ದ ಹಾಗೆ ಪರದೆ. ಟಾರ್ಚ್ ಹಿಂದಿನಿಂದ ಹಿಡಿದರೆ ಬೆಳಕು ಹಾಯುತ್ತದೆ.

ಮುಟ್ಟಬೇಡಿ. ಕೈಯ ಎಣ್ಣೆ ಅಂಶ ಕಲ್ಲಿಗೆ ಹತ್ತಿದರೆ ಅಲ್ಲಿ ಹೊಸ ಪದರ ಕೂರುವುದಿಲ್ಲ, ಕಪ್ಪಾಗುತ್ತದೆ. ಆಯ ತಪ್ಪಿದರೆ ದಾರಿ ಪಕ್ಕದ ಕೈಹಿಡಿ ಹಿಡಿಯಿರಿ, ಕಲ್ಲಿನ ಕಂಬ ಹಿಡಿಯಬೇಡಿ.

ಗೈಡ್‌ಗಳಿಗೆ ಕಲ್ಲಿನಲ್ಲಿ ಆಕಾರ ತೋರಿಸುವ ಹುರುಪು. ನಗುನಗುತ್ತಾ ಕೇಳಿ. ಜೊತೆಗೆ ಮೂಳೆಗಳ ಬಗ್ಗೆ ಕೇಳಲು ಮರೆಯಬೇಡಿ. ಈ ಪ್ರದೇಶದ ಗುಹೆಗಳ ಚಾವಣಿಯಲ್ಲಿ ಅಲ್ಲಲ್ಲಿ ತೂತುಗಳಿವೆ. ಮೇಲೆ ಓಡಾಡುತ್ತಿದ್ದ ಆಮೆ, ಸಾಲಿಟೇರ್ ಹಕ್ಕಿ ಅದರೊಳಗೆ ಬಿದ್ದು ಅಲ್ಲೇ ಸಾಯುತ್ತಿದ್ದವು. ಸುಣ್ಣದ ಮಣ್ಣು ಅವುಗಳ ಮೂಳೆ ಕಾಪಾಡಿತು. 1786ರಲ್ಲೇ ಇಲ್ಲಿನ ಗುಹೆಯಲ್ಲಿ ಸುಣ್ಣ ಕಟ್ಟಿದ ಸಾಲಿಟೇರ್ ಮೂಳೆ ಸಿಕ್ಕಿತ್ತು. 1874ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ನೋಡಲು ಬ್ರಿಟಿಷ್ ತಂಡ ಈ ದ್ವೀಪಕ್ಕೆ ಬಂದಾಗ ಅವರ ಜೊತೆಗಿದ್ದ ನಿಸರ್ಗ ತಜ್ಞರು ಗುಹೆಗಳಿಂದ ರಾಶಿ ಮೂಳೆ ಸಂಗ್ರಹಿಸಿದರು. ಲೆಗಾ ಬರೆದಿದ್ದು ಕಟ್ಟುಕತೆ ಅಂತ ಅನುಮಾನ ಪಟ್ಟವರೂ ಇದ್ದರು. ಗಂಡು ಹಕ್ಕಿಯ ರೆಕ್ಕೆಯಲ್ಲಿ ಬಂದೂಕಿನ ಗುಂಡಿನಷ್ಟು ದಪ್ಪದ ಮೂಳೆಗಂಟು ಇತ್ತು, ಅದರಿಂದ ಹೊಡೆದಾಡುತ್ತಿತ್ತು ಅಂತ ಅವನು ಹೇಳಿದ್ದ. ಗುಹೆಯ ಮೂಳೆಗಳಲ್ಲಿ ಆ ಗಂಟು ಹಾಗೇ ಸಿಕ್ಕಿತು.

ಬಾವಲಿ ಗುಹೆಯಲ್ಲಿ ಹುಡುಕಬೇಡಿ. ರೋಡ್ರಿಗ್ಸ್‌ನ ಬಾವಲಿ ಮರದಲ್ಲಿ ನೇತಾಡುವ ಹಣ್ಣುಬಾವಲಿ. ತಲೆ, ಭುಜದ ಮೇಲೆ ಬಂಗಾರದ ಬಣ್ಣದ ಕೂದಲು. 1970ರ ದಶಕದಲ್ಲಿ ನೂರೂ ಉಳಿದಿರಲಿಲ್ಲ, ಈಗ ಸಾವಿರಾರು ಇವೆ. ಸಂಜೆ ಗೆಸ್ಟ್‌ಹೌಸ್ ಅಂಗಳದಲ್ಲಿ ಕೂತು ತಲೆ ಎತ್ತಿದರೆ ಸಾಕು.

7. ಇನ್ನೊಂದು ಗುಹೆಗೂ ಹೋಗಬೇಕಾ?

ಅದೇ ಬಯಲಲ್ಲಿ ಕಾವೆರ್ನ್ ಪಟಾಟ್ ಅಂತ ಇನ್ನೊಂದು ಗುಹೆ ಇದೆ. ಉದ್ದ ಒಂದು ಕಿಲೋಮೀಟರ್‌ನಷ್ಟು. ಇದು ಒರಟು. ನೆಲ ಏರುಪೇರು, ಕೆಸರು, ಬಗ್ಗಿ ನಡೆಯುವ ಜಾಗಗಳು, ಟಾರ್ಚ್ ಬೆಳಕೇ ಗತಿ. ಗೈಡ್ ನಿಗದಿತ ಹೊತ್ತಿಗೆ ಮಾತ್ರ ಕರೆದೊಯ್ಯುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿಸಿ ಹೊತ್ತು ತಿಳಿದುಕೊಳ್ಳಿ.

ಮೊಣಕಾಲು ಗಟ್ಟಿ ಇದ್ದು, ಕತ್ತಲೆಗೆ ಹೆದರದವರು ಖಂಡಿತ ಹೋಗಿ. ಎರಡರಲ್ಲಿ ನನಗೆ ಇಷ್ಟ ಇದೇ. ಒಂದು ತಿರುವಿನಲ್ಲಿ ಎಲ್ಲರೂ ಟಾರ್ಚ್ ಆರಿಸಿ ನಿಲ್ಲೋಣ ಅಂತ ಗೈಡನ್ನು ಕೇಳಿಕೊಳ್ಳಿ. ಕಣ್ಣ ಮುಂದೆ ಹಿಡಿದ ಕೈ ಕಾಣುವುದಿಲ್ಲ. ಹನಿ ಬೀಳುವ ಸದ್ದು ಮಾತ್ರ. ನಗರದಲ್ಲಿ ಬೆಳೆದ ಮಕ್ಕಳಿಗೆ ಅಂಥ ಕತ್ತಲೆ ಹೊಸದು.

ವಯಸ್ಸಾದವರು, ಉಸಿರಾಟದ ತೊಂದರೆ ಇರುವವರು, ಬಸುರಿಯರು, ಮಗು ಎತ್ತಿಕೊಂಡವರು ಇದನ್ನು ಬಿಡಿ. ಗ್ರಾಂದ್ ಕಾವೆರ್ನ್ ಸಾಕು. ಅದೂ ಬೇಡ ಅನ್ನುವವರು ಆಮೆ ಕಣಿವೆ ನೋಡಿ ಮ್ಯೂಸಿಯಂ ಹತ್ತಿರ ಕೂರಬಹುದು. ರಾತ್ರಿ ಜೋರು ಮಳೆ ಬಂದಿದ್ದರೆ ಪಟಾಟ್‌ಗೆ ಯಾರೂ ಹೋಗಬೇಡಿ, ಮಾರನೇ ದಿನಕ್ಕೆ ಹಾಕಿಕೊಳ್ಳಿ.

8. ಊಟದ ಚಿಂತೆ

ಸಸ್ಯಾಹಾರಿಗಳಿಗೆ ನೇರ ಮಾತು: ಇದು ಮೀನು, ಆಕ್ಟೋಪಸ್ ತಿನ್ನುವ ಊರು. ದಾರಿಯಲ್ಲಿ ಬಟ್ಟೆ ಒಣಹಾಕಿದ ಹಾಗೆ ಆಕ್ಟೋಪಸ್ ಒಣಗಿಸಿರುವುದು ಕಾಣುತ್ತದೆ. ಮಾರಿಷಸ್‌ನ ಹಾಗೆ ಇಲ್ಲಿ ಭಾರತ ಮೂಲದವರು ಜಾಸ್ತಿ ಇಲ್ಲ. ಬಹುತೇಕ ಆಫ್ರಿಕಾ, ಮಡಗಾಸ್ಕರ್ ಮೂಲದ ಕ್ಯಾಥೊಲಿಕರು. ಆದರೂ ಉಪವಾಸ ಬೀಳುವುದಿಲ್ಲ. ಅನ್ನ, ಕೆಂಪು ಹುರುಳಿಕಾಯಿ ಬೀಜದ ಗಟ್ಟಿ ಸಾರು, ರೂಗಾಯ್ ಅನ್ನುವ ಟೊಮೆಟೊ ಗೊಜ್ಜು, ತರಕಾರಿ ಉಪ್ಪಿನಕಾಯಿ ಎಲ್ಲ ಕಡೆ ಮಾಡುತ್ತಾರೆ. ಬುಕ್ ಮಾಡುವಾಗಲೇ ಹೇಳಿ: ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ. ಮೂರನ್ನೂ ಬಿಡಿಸಿ ಹೇಳದಿದ್ದರೆ ಮೀನಿನ ಸಾರು ಬಂದೀತು.

ಮಾಂಸಾಹಾರಿಗಳಿಗೆ ಆಕ್ಟೋಪಸ್ ಸಲಾಡ್, ಸಾರು ಎರಡೂ ಚೆನ್ನ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಹಿಡಿಯುವುದಕ್ಕೆ ನಿಷೇಧ. ಅವುಗಳ ಸಂತಾನ ಬೆಳೆಯಲಿ ಅಂತ ಮಾಡಿದ ವ್ಯವಸ್ಥೆ. ಆ ಸಮಯದಲ್ಲಿ ತಾಜಾ ಬೇಕು ಅಂತ ಹಟ ಮಾಡಬೇಡಿ.

ಇಲ್ಲಿನ ಪುಟ್ಟ ಮೆಣಸಿನಕಾಯಿ ನಮ್ಮ ಗಾಂಧಾರಿ ಮೆಣಸಿಗೆ ಸಮನಾದ ಖಾರ. ಬಡಿಸಿದ್ದನ್ನು ಮೊದಲು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ.

9. ತರಬಹುದಾದದ್ದು, ತರಬಾರದ್ದು

ಶನಿವಾರ ಬೆಳಗ್ಗೆ ಪೋರ್ಟ್ ಮ್ಯಾಥುರಿನ್ ಸಂತೆಗೆ ಬೇಗ ಹೋಗಿ. ಜೇನು, ನಿಂಬೆ, ಮೆಣಸಿನ ಉಪ್ಪಿನಕಾಯಿ, ಹೆಣೆದ ಬುಟ್ಟಿ ಸಿಗುತ್ತದೆ. ಕಲ್ಲು, ಹವಳ, ಚಿಪ್ಪು, ಬೀಜ ಯಾವುದನ್ನೂ ಜೇಬಿಗಿಳಿಸಬೇಡಿ.

ಆಮೆ ನೋಡಿ ಬಂದ ಮೇಲೆ ‘ನಾವೂ ಒಂದು ಸಾಕೋಣ’ ಅಂತ ಮಕ್ಕಳು ಹಟ ಮಾಡುವುದು ಗ್ಯಾರಂಟಿ. ಅಲ್ಲಿ ನೋಡಿದ ಮಡಗಾಸ್ಕರ್‌ನ ಕಿರಣ ಆಮೆ ಅಳಿವಿನ ಅಂಚಿನಲ್ಲಿದೆ. ಕಳ್ಳಸಾಗಣೆಯೇ ಅದಕ್ಕೊಂದು ದೊಡ್ಡ ಕಾರಣ. ನಮ್ಮ ದಕ್ಷಿಣದ ಒಣ ಪ್ರದೇಶಗಳಲ್ಲಿರುವ ನಕ್ಷತ್ರ ಆಮೆಯದೂ ಅದೇ ಕತೆ. ಅದೃಷ್ಟ ಬರುತ್ತದೆ ಅಂತ ಅದನ್ನು ಅಕ್ವೇರಿಯಂ ಅಂಗಡಿಯಲ್ಲಿ ಗುಟ್ಟಾಗಿ ಮಾರುವವರಿದ್ದಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಈ ಮಾತನ್ನು ವಿಮಾನದಲ್ಲೇ ಮಕ್ಕಳಿಗೆ ಹೇಳಿ ಮುಗಿಸಿ.

ಕೊನೆಯದಾಗಿ, ರೋಡ್ರಿಗ್ಸ್‌ನಿಂದ ವಾಪಸ್ ಬರುವ ದಿನವೇ ಮುಂಬೈ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಗಾಳಿ ಜೋರಾದರೆ ಸಣ್ಣ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ರದ್ದೂ ಆಗುತ್ತದೆ. ನಡುವೆ ಒಂದು ರಾತ್ರಿ ಮಾರಿಷಸ್‌ನಲ್ಲಿ ಇಟ್ಟುಕೊಳ್ಳಿ. ಜೇನಿನ ಬಾಟಲಿ ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ತೆಗೆಸಿಬಿಡುತ್ತಾರೆ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ.